ಕೊಳೆತ ಕಾಯ, ವಜ್ರಕಾಯ: ಪರಿಪೂರ್ಣತೆಯ ಪರಿಕಲ್ಪನೆ ಮತ್ತು ಕನ್ನಡ ಮೌಖಿಕ ಪರಂಪರೆಯ ದೇಹವಿಚಾರ

ದೇಹವನ್ನು ಕುರಿತ ಚರ್ಚೆಯು ಕನ್ನಡ ವಿಮರ್ಶೆಯಲ್ಲಿ ಬಹುಕಾಲದಿಂದ ಎರಡು ಸಿದ್ಧಮಾತುಗಳ ನಡುವೆ ನಿಂತಿದೆ. ಶರಣರು ದೇಹವನ್ನು ದೇವಾಲಯದ ಮಟ್ಟಕ್ಕೆ ಏರಿಸಿದರು ಎಂಬುದು ಒಂದು. ಜನಪದರು ದೇಹವನ್ನು ಹಿಂಜರಿಕೆಯಿಲ್ಲದೆ ಸಂಭ್ರಮಿಸಿದರು ಎಂಬುದು ಮತ್ತೊಂದು. ಎರಡೂ ಸುಳ್ಳಲ್ಲ. ಆದರೆ ಎರಡೂ 'ದೇಹ' ಎಂಬ ಪದವನ್ನು ಏಕವಚನದಲ್ಲಿ ಬಳಸುತ್ತವೆ. ಯಾರ ದೇಹ, ಯಾವ ವಯಸ್ಸಿನ ದೇಹ, ದುಡಿಯಬಲ್ಲ ದೇಹವೋ ದುಡಿಯಲಾರದ ದೇಹವೋ, ಊರೊಳಗೆ ಬರಲು ಅಪ್ಪಣೆಯಿರುವ ದೇಹವೋ ಅಗಸೆಬಾಗಿಲಲ್ಲಿ ತಡೆಯಲ್ಪಟ್ಟ ದೇಹವೋ ಎಂಬ ವಿವರಗಳಿಗೆ ಈ ಮಾತುಗಳಲ್ಲಿ ಎಡೆಯಿಲ್ಲ. ಮನುಷ್ಯನು ಪರಿಪೂರ್ಣನಾಗಬಲ್ಲನೇ ಎಂಬ ತತ್ತ್ವಪ್ರಶ್ನೆಯನ್ನು ನಮ್ಮ ದಾರ್ಶನಿಕ ಪಂಥಗಳು ಎತ್ತಿದಾಗಲೆಲ್ಲ ಅದರ ಬೆನ್ನಿಗೇ ಅಂಥ ಪರಿಪೂರ್ಣತೆಗೆ ಯಾವ ದೇಹ ತಕ್ಕುದು ಎಂಬ ಇನ್ನೊಂದು ಪ್ರಶ್ನೆಯೂ ಬಂದಿದೆ. ಈ ಎರಡನೆಯ ಪ್ರಶ್ನೆಗೆ ಶಾಸ್ತ್ರಗಳು ಕೊಟ್ಟ ಉತ್ತರವನ್ನೂ ಹಾಡುಗಾರರು ಕೊಟ್ಟ ಉತ್ತರವನ್ನೂ ಎದುರುಬದುರು ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಮುಖ್ಯ ಆಕರ ಮಂಟೇಸ್ವಾಮಿ ಕಾವ್ಯದ ಕಲ್ಯಾಣ ಪಟ್ಟಣದ ಸಾಲು. ಅದಕ್ಕೆ ಹಿನ್ನೆಲೆಯಾಗಿ ಶ್ರವಣಬೆಳಗೊಳದ ಗೊಮ್ಮಟ ಮತ್ತು ಶೂನ್ಯಸಂಪಾದನೆಯ ಗೋರಕ್ಷ ಪ್ರಸಂಗವನ್ನು ಗಮನಿಸಲಾಗಿದೆ.

ಪರಿಪೂರ್ಣ ದೇಹದ ಕಲ್ಪನೆಗೆ ಕನ್ನಡ ನಾಡಿನಲ್ಲಿ ಶಿಲೆಯಲ್ಲಿ ನಿಂತ ಸಾಕ್ಷಿಯೆಂದರೆ ಗೊಮ್ಮಟನೇ. ಗಂಗರ ಮಂತ್ರಿ ಚಾವುಂಡರಾಯನು 10ನೆಯ ಶತಮಾನದ ಕೊನೆಯಲ್ಲಿ, ಸಾಮಾನ್ಯವಾಗಿ ಒಪ್ಪಿರುವಂತೆ 981ರ ಸುಮಾರಿಗೆ, ಮಾಡಿಸಿದ ಸುಮಾರು 58 ಅಡಿಯ ಈ ಮೂರ್ತಿಯನ್ನು 12ನೆಯ ಶತಮಾನದಲ್ಲಿ ಬೊಪ್ಪಣ ಪಂಡಿತನು ತನ್ನ ಕನ್ನಡ ಶಾಸನಕಾವ್ಯದಲ್ಲಿ ಹೊಗಳುವ ಕ್ರಮ ಗಮನಾರ್ಹವಾದುದು. ಎತ್ತರ, ಚೆಲುವು, ಅತಿಶಯ ಇವು ಒಂದೆಡೆ ಕೂಡುವುದು ಅಪರೂಪ, ಇಲ್ಲಿ ಕೂಡಿವೆ ಎಂಬುದು ಅವನ ಮೆಚ್ಚುಗೆಯ ತಿರುಳು. ಆದರೆ ಈ ಮೂರ್ತಿ ನಿಂತಿರುವ ಭಂಗಿಯ ಹೆಸರು ಕಾಯೋತ್ಸರ್ಗ. ಎಂದರೆ ಕಾಯದ ಮೇಲಿನ ಮಮತೆಯನ್ನು ಬಿಟ್ಟ ಸ್ಥಿತಿ. ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹುತ್ತ ಬೆಳೆದಿದೆ. ದೇಹವನ್ನು ಸಂಪೂರ್ಣವಾಗಿ ಮರೆತವನಿಗೆ ನಮ್ಮ ಶಿಲ್ಪಿಗಳು ಸಂಪೂರ್ಣವಾದ ದೇಹವನ್ನು ಕೊಟ್ಟರು. ಇದನ್ನು ಕಲೆಯ ವಿರೋಧಾಭಾಸವೆಂದು ಬಿಟ್ಟುಬಿಡುವವರಿದ್ದಾರೆ. ಆದರೆ ಜೈನ ದರ್ಶನದೊಳಗಿನಿಂದ ನೋಡಿದರೆ ಇದು ವಿರೋಧವೇ ಅಲ್ಲ. ಅಸ್ಥಿಬಂಧದ ದಾರ್ಢ್ಯವನ್ನು ಆ ದರ್ಶನವು ಆರು ಬಗೆಯ ಸಂಹನನಗಳಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಮೊದಲನೆಯದಾದ ವಜ್ರವೃಷಭನಾರಾಚ ಸಂಹನನವುಳ್ಳ ಶರೀರವು ಮಾತ್ರ ಮೋಕ್ಷಕ್ಕೆ ಬೇಕಾದ ಧ್ಯಾನವನ್ನು ತಾಳಬಲ್ಲುದು. ಬಿಡಲೇಬೇಕಾದ ದೇಹ ಮೊದಲು ವಜ್ರದಂತಿರಬೇಕು. ಬಿಡುವುದಕ್ಕೂ ಯೋಗ್ಯತೆ ಬೇಕು ಎಂದಂತಾಯಿತು.

ಈ ಯೋಗ್ಯತೆಯ ತರ್ಕವೇ ಮುಂದೆ ಹೊರಗಿಡುವ ತರ್ಕವಾಗುತ್ತದೆ. ಕುಂದಕುಂದಾಚಾರ್ಯರ ಸುತ್ತಪಾಹುಡದಲ್ಲಿ ಸ್ತ್ರೀಯರಿಗೆ ದಿಗಂಬರ ದೀಕ್ಷೆಯನ್ನು ನಿರಾಕರಿಸಲು ಕೊಡುವ ಕಾರಣಗಳಲ್ಲಿ ಅವರ ಶರೀರದಲ್ಲಿ ಸೂಕ್ಷ್ಮಜೀವಿಗಳು ಹುಟ್ಟುತ್ತವೆ ಎಂಬುದೂ ಒಂದು. ಇದಕ್ಕೆ ಉತ್ತರ ಹೊರಗಿನಿಂದ ಬರಲಿಲ್ಲ, ಕರ್ನಾಟಕದಲ್ಲಿ ಬಾಳಿ ಮರೆಯಾದ ಯಾಪನೀಯ ಪಂಥದಿಂದಲೇ ಬಂತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನನು ಬರೆದ ಸ್ತ್ರೀನಿರ್ವಾಣಪ್ರಕರಣವು ಸ್ತ್ರೀದೇಹದಲ್ಲಿಯೂ ನಿರ್ವಾಣ ಸಾಧ್ಯವೆಂದು ವಾದಿಸಿತು. ದೇಹ ಮತ್ತು ಪರಿಪೂರ್ಣತೆಯ ಸಂಬಂಧದ ಮೇಲೆ ಈ ನೆಲದಲ್ಲಿ ನಡೆದ ಅತ್ಯಂತ ಗಂಭೀರ ವಾಗ್ವಾದಗಳಲ್ಲಿ ಇದೂ ಒಂದು. ನಮ್ಮ ಸಾಹಿತ್ಯ ಚರಿತ್ರೆಗಳು ಶಾಕಟಾಯನನನ್ನು ವ್ಯಾಕರಣಕ್ಕಾಗಿ ನೆನೆದು ಮುಂದೆ ಹೋಗುತ್ತವೆ.

ಜನಪದ ಐತಿಹ್ಯವು ಇದೇ ಬೆಟ್ಟದ ಮೇಲೆ ಬೇರೆಯೇ ಒಂದು ದೇಹವನ್ನು ತಂದು ನಿಲ್ಲಿಸಿತು. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿಸಿದರೂ ಮೂರ್ತಿ ಪೂರ್ತಿ ತೋಯಲಿಲ್ಲ. ಮುದುಕಿಯೊಬ್ಬಳು ಗುಳ್ಳದ ಕಾಯಿಯಷ್ಟು ಪಾತ್ರೆಯಲ್ಲಿ ತಂದ ಹಾಲು ನೆತ್ತಿಯಿಂದ ಪಾದದವರೆಗೆ ಹರಿಯಿತು ಎಂಬ ಗುಳ್ಳಕಾಯಜ್ಜಿಯ ಕಥೆ ಎಲ್ಲರಿಗೂ ತಿಳಿದದ್ದು. ಅವಳ ವಿಗ್ರಹವೂ ಗೊಮ್ಮಟನಿಗೆ ಎದುರಾಗಿಯೇ ಇದೆ. ಈ ಕಥೆಯನ್ನು ಅಹಂಕಾರಭಂಗದ ಕಥೆಯೆಂದು ವಿವರಿಸುವುದು ವಾಡಿಕೆ. ಅಹಂಕಾರಭಂಗ ಇದೆ, ನಿಜ. ಆದರೆ ಅದಕ್ಕೆ ಆರಿಸಿಕೊಂಡ ಪಾತ್ರ ಬಡ ಶ್ರಾವಕನಲ್ಲ, ಬಾಲಕನಲ್ಲ. ಸಂಹನನದ ಯಾವ ಲೆಕ್ಕಕ್ಕೂ ಸಿಗದ ಮುದಿ ಹೆಣ್ಣುದೇಹ. ಶಾಕಟಾಯನನು ತರ್ಕದಿಂದ ಕೇಳಿದ್ದನ್ನು ಕಥೆಗಾರರು ಒಂದು ಕಾಯಿಯಷ್ಟು ಹಾಲಿನಿಂದ ಕೇಳಿದರು ಎನ್ನಬಹುದು. ಒಂದು ತೊಡಕು ಮಾತ್ರ ಉಳಿಯುತ್ತದೆ. ಅಜ್ಜಿ ನಿಜವಾಗಿ ಅಜ್ಜಿಯಲ್ಲ, ಕೂಷ್ಮಾಂಡಿನೀ ಯಕ್ಷಿ ವೇಷಮರೆಸಿ ಬಂದವಳು ಎಂದು ಐತಿಹ್ಯವು ಕೊನೆಯಲ್ಲಿ ಸೇರಿಸುತ್ತದೆ. ಆ ಒಂದು ವಾಕ್ಯದಿಂದ ಮುದಿದೇಹದ ಗೌರವ ಅದರದ್ದಾಗಿ ಉಳಿಯದೆ ಒಳಗಿದ್ದ ದೇವತೆಯದಾಗುತ್ತದೆ. ವೇಷದ ಈ ಸಮಸ್ಯೆ ಮಂಟೇಸ್ವಾಮಿ ಕಾವ್ಯದಲ್ಲಿ ಇನ್ನೂ ತೀವ್ರವಾಗಿ ಎದುರಾಗುವುದರಿಂದ ಇಲ್ಲಿ ಅದನ್ನು ಗುರುತಿಸಿಟ್ಟುಕೊಳ್ಳುವುದು ಅಗತ್ಯ.

ದೇಹವನ್ನು ಬಿಡಲು ಅಲ್ಲ, ಉಳಿಸಿಕೊಳ್ಳಲು ಹೊರಟವರು ನಾಥಸಿದ್ಧರು. ಪಿಂಡದಲ್ಲಿಯೇ ಬ್ರಹ್ಮಾಂಡವಿದೆ ಎಂಬುದನ್ನು ಗೋರಕ್ಷನಾಥನ ಹೆಸರಿನಲ್ಲಿರುವ ಸಿದ್ಧಸಿದ್ಧಾಂತಪದ್ಧತಿ ವಿಸ್ತಾರವಾಗಿ ನಿರೂಪಿಸುತ್ತದೆ. ಅದೇ ಪರಂಪರೆಯ ಯೋಗಬೀಜವು ದೇಹಗಳನ್ನು ಪಕ್ವ, ಅಪಕ್ವ ಎಂದು ಎರಡಾಗಿ ವಿಂಗಡಿಸುತ್ತದೆ. ಯೋಗಾಗ್ನಿಯಲ್ಲಿ ಬೆಂದದ್ದು ಪಕ್ವ, ಬೇಯದ್ದು ಅಪಕ್ವ. ಕುಂಬಾರನ ಆವಿಗೆಯ ಈ ರೂಪಕದಲ್ಲಿ ದುಡಿಮೆಗಾರ ಜಾತಿಗಳ ಅನುಭವದ ಬಿಸಿ ಇದೆ. ನಾಥಪಂಥವು ಕದ್ರಿಯಿಂದ ಬಯಲುಸೀಮೆಯವರೆಗೆ ಕರ್ನಾಟಕದಲ್ಲಿ ಹೇಗೆ ಬೇರುಬಿಟ್ಟಿತು ಎಂಬುದನ್ನು ರಹಮತ್ ತರೀಕೆರೆ ಅವರ ಅಧ್ಯಯನಗಳು ವಿವರವಾಗಿ ತೋರಿಸಿವೆ. ಹಸಿದವರ, ಹೊರಗಿನವರ ನಡುವೆ ಕಾಯಸಿದ್ಧಿಯ ಕನಸಿಗೆ ಯಾಕೆ ಇಷ್ಟು ಬೆಲೆ ಬಂತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ರೋಗ, ಮುಪ್ಪು, ಬರಗಳಿಗೆ ಮೊದಲು ತುತ್ತಾಗುವವರೇ ಇವು ಮುಟ್ಟದ ದೇಹವನ್ನು ಕನಸುತ್ತಾರೆ. ಆದ್ದರಿಂದ ವಜ್ರಕಾಯದ ಆಸೆಯನ್ನು ಬರಿಯ ಅಹಂಕಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಗೋರಕ್ಷ ಪ್ರಸಂಗವನ್ನು ಓದುವಾಗ ಈ ಎಚ್ಚರಿಕೆ ಇರಬೇಕು. ಕಥೆ ಸರಳ. ತನ್ನ ಕಾಯ ವಜ್ರವಾಗಿದೆಯೆಂದು ಗೋರಕ್ಷ ಹೇಳುತ್ತಾನೆ. ಅಲ್ಲಮ ಕತ್ತಿಯಿಂದ ಹೊಡೆದಾಗ ಗಡಸು ವಸ್ತುವಿಗೆ ತಾಗಿದಂತೆ ಸದ್ದಾಗುತ್ತದೆ, ಮೈಗೆ ಏನೂ ಆಗುವುದಿಲ್ಲ. ತಿರುಗಿ ಗೋರಕ್ಷನು ಅಲ್ಲಮನಿಗೆ ಬೀಸಿದರೆ ಕತ್ತಿ ಬಯಲಲ್ಲಿ ಆಡಿದಂತೆ ಆಚೆಯಿಂದ ಈಚೆಗೆ ಹಾದುಹೋಗುತ್ತದೆ. ಸದ್ದೇ ಅಹಂಕಾರದ ಕುರುಹು ಎಂಬ ವ್ಯಾಖ್ಯಾನ ಸಂಪ್ರದಾಯದಲ್ಲಿದೆ. ಅಲ್ಲಮನ ಈ ಜಗಳವನ್ನು ಶೈವಪಂಥಗಳೊಳಗಿನ ದೊಡ್ಡ ವಾಗ್ವಾದದ ಭಾಗವಾಗಿ ನೋಡಬೇಕೆಂಬುದಕ್ಕೆ ದಾರಿ ತೋರಿದ್ದು 1999ರಲ್ಲಿ ಪ್ರಕಟವಾದ ಡಿ.ಆರ್. ನಾಗರಾಜ್ ಅವರ 'ಅಲ್ಲಮಪ್ರಭು ಮತ್ತು ಶೈವಪ್ರತಿಭೆ'. ಆ ದಾರಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟು ಕೇಳಬೇಕಾದ ಪ್ರಶ್ನೆಯಿದೆ: ಈ ಪ್ರಸಂಗದಲ್ಲಿ ಗೆದ್ದದ್ದು ಏನು? ವಜ್ರದೇಹ ಸೋತಿತು, ಬಯಲುದೇಹ ಗೆದ್ದಿತು. ಆದರೆ ಎರಡಕ್ಕೂ ಕತ್ತಿಯಿಂದ ನೋವಾಗುವುದಿಲ್ಲ. ಒಂದರಲ್ಲಿ ಕತ್ತಿ ಮೇಲೆಯೇ ತಡೆಯುತ್ತದೆ, ಇನ್ನೊಂದರಲ್ಲಿ ಕತ್ತಿಗೆ ಸಿಗಲು ಏನೂ ಇಲ್ಲ. ಕೊಯ್ದರೆ ರಕ್ತ ಬರುವ, ಗಾಯ ಕೀವಾಗುವ ದೇಹ ಈ ಸಭೆಯಲ್ಲಿ ಇಲ್ಲವೇ ಇಲ್ಲ. ತಾತ್ತ್ವಿಕವಾಗಿ ಇದು ಅಲ್ಲಮನ ಮೇರುಸ್ಥಿತಿ. ದೇಹದ ಬೆಲೆಯ ದೃಷ್ಟಿಯಿಂದ ಮಾತ್ರ ಗೋರಕ್ಷನಿಗೂ ಅಲ್ಲಮನಿಗೂ ನಾವು ತಿಳಿದಷ್ಟು ದೂರವಿಲ್ಲ.

ಬಸವಣ್ಣನವರ ಪ್ರಸಿದ್ಧ ವಚನವೊಂದು ದೇಹದ ಅಂಗಗಳನ್ನು ಗುಡಿಯ ಭಾಗಗಳಿಗೆ ಸರಿದೂಗಿಸುತ್ತದೆ. 1973ರ 'ಸ್ಪೀಕಿಂಗ್ ಆಫ್ ಶಿವ' ಕೃತಿಯ ಪ್ರಸ್ತಾವನೆಯಲ್ಲಿ ಎ.ಕೆ. ರಾಮಾನುಜನ್ ಆ ವಚನವನ್ನು ಸ್ಥಾವರ-ಜಂಗಮಗಳ ಬಿಕ್ಕಟ್ಟಿನ ಕೇಂದ್ರವಾಗಿ ವಿಶ್ಲೇಷಿಸಿದ ಮೇಲೆ ಅದು ಜಗತ್ತಿನ ಓದುಗರಿಗೂ ಪರಿಚಿತವಾಯಿತು. ಉಳ್ಳವರ ಕಲ್ಲುಗುಡಿಗೆ ಪ್ರತಿಯಾಗಿ ಬಡವನ ಮೈಯನ್ನು ನಿಲ್ಲಿಸಿದ ಆ ವಚನದ ಧೈರ್ಯದ ಬಗೆಗೆ ಎರಡು ಮಾತಿಲ್ಲ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟಗಳೆಂಬ ಐದು ಸೂತಕಗಳನ್ನು ನಿರಾಕರಿಸಿದ್ದು ಅದಕ್ಕಿಂತಲೂ ದೊಡ್ಡದು. ಏಕೆಂದರೆ ಅಲ್ಲಿ ರೂಪಕವಿಲ್ಲ, ನಿತ್ಯದ ಆಚರಣೆಯಿದೆ. ಮುಟ್ಟಾದ ಹೆಂಗಸು ಪೂಜೆಯಿಂದ ದೂರ ಕೂರಬೇಕಾಗಿಲ್ಲ ಎಂಬುದು ತತ್ತ್ವಕ್ಕಿಂತ ಹೆಚ್ಚು ನೇರವಾದ ಮಾತು. ಆದರೂ ಕಾಯಕದ ಪರಿಕಲ್ಪನೆಯನ್ನು ಪರಿಶೀಲಿಸಿದರೆ ಒಂದು ಎಡೆ ಖಾಲಿಯಾಗಿ ಕಾಣುತ್ತದೆ. ಅಕ್ಕಿ ಆಯುವ ಮಾರಯ್ಯ, ಹುಲ್ಲಿನ ಹಗ್ಗ ಮಾರುವ ಚಂದಯ್ಯ ಇವರೆಲ್ಲ ಕಾಯವನ್ನು ದುಡಿಸಬಲ್ಲವರು. ದುಡಿಯಲಾಗದ ಕಾಯಕ್ಕೆ ದಾಸೋಹದ ಪಾಲುಂಟು, ಸರಿ. ಪಾಲು ಪಡೆಯುವವನ ಸ್ಥಾನವುಂಟೇ ಹೊರತು ಗುರುವಿನ ಸ್ಥಾನವಿಲ್ಲ. ಆ ಸ್ಥಾನವನ್ನು ಕೊಟ್ಟದ್ದು ನೀಲಗಾರರು.

ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು ಹಳೆಯ ಮೈಸೂರು ಪ್ರದೇಶದ, ಮುಖ್ಯವಾಗಿ ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ದೀಕ್ಷಿತ ಗಾಯಕರು. ತಂಬೂರಿ, ಡಕ್ಕಿ, ಗಗ್ಗರ, ತಾಳಗಳ ಜೊತೆಯಲ್ಲಿ ರಾತ್ರಿಯಿಡೀ ಹಾಡುತ್ತಾರೆ. ಕಾವ್ಯವು ಸಾಲುಗಳಾಗಿ ವಿಂಗಡಣೆಗೊಂಡಿದೆ. ಮೊದಲ ದೊಡ್ಡ ಘಟ್ಟ ಕಲ್ಯಾಣದ್ದು. ಇಲ್ಲಿ ಗಮನಿಸಬೇಕಾದ ಮೂಲಭೂತ ಸಂಗತಿಯೆಂದರೆ, ಈ ಪರಂಪರೆಯು ಮಂಟೇಸ್ವಾಮಿಯನ್ನು ಅಲ್ಲಮಪ್ರಭುವೇ ಎಂದು ಗುರುತಿಸುತ್ತದೆ. ಶೂನ್ಯಸಂಪಾದನೆಯಲ್ಲಿ ಕತ್ತಿಗೆ ಸಿಗದೆ ಬಯಲಾದ ಅದೇ ಗುರು, ನೀಲಗಾರರ ಬಾಯಲ್ಲಿ ಕಲ್ಯಾಣದ ಬಾಗಿಲಿಗೆ ಬರುವುದು ಕೊಳೆತು ನಾರುವ ಮೈಯಲ್ಲಿ. ಈ ರೂಪಾಂತರವೇ ನನ್ನ ದೃಷ್ಟಿಯಲ್ಲಿ ಕನ್ನಡದ ದೇಹವಿಚಾರದಲ್ಲಿ ನಡೆದ ಅತ್ಯಂತ ದೊಡ್ಡ ವಿಮರ್ಶೆ. ಲಿಖಿತ ಪರಂಪರೆ ಅಲ್ಲಮನಿಂದ ದೇಹವನ್ನು ಕಳೆಯಿತು; ಮೌಖಿಕ ಪರಂಪರೆ ಅವನಿಗೆ ದೇಹವನ್ನು ತಿರುಗಿ ಕೊಟ್ಟಿತು, ಅದೂ ಯಾರೂ ಬಯಸದ ದೇಹವನ್ನು.

ಕಥಾಭಾಗ ಹೀಗಿದೆ. ಕಲ್ಯಾಣದಲ್ಲಿ ಬಸವಣ್ಣ ಒಂದು ಲಕ್ಷ ತೊಂಬತ್ತಾರು ಸಾವಿರ ಶರಣರಿಗೆ ದಾಸೋಹ ನಡೆಸುತ್ತಿದ್ದಾನೆ. ಇವರಲ್ಲಿ ನಿಜಶರಣರು ಯಾರು ಎಂಬುದನ್ನು ನೋಡಬೇಕೆಂದು ಮಂಟೇಸ್ವಾಮಿ ಹೊರಡುತ್ತಾನೆ. ಮೈತುಂಬ ರೋಗ, ಹುಣ್ಣು, ದುರ್ನಾತ. ಜೊತೆಗೆ ಹೆಂಡ, ಮಾಂಸ. ಬಾಗಿಲಲ್ಲಿದ್ದವರು ತಡೆದು ಅಟ್ಟುತ್ತಾರೆ. ಅವನು ತಿಪ್ಪೆಯ ಪಾಲಾಗುತ್ತಾನೆ. ಬಸವಣ್ಣನೂ ನೀಲಮ್ಮನೂ ಗುರುವನ್ನು ಅರಸುತ್ತ ಅಲ್ಲಿಗೆ ಬರುತ್ತಾರೆ. ಎತ್ತಿಕೊಳ್ಳಲು ಹೋದರೆ ಕೊಳೆತ ಅವಯವಗಳು ಕೈಗೇ ಕಿತ್ತುಬರುವುದನ್ನು ಹಾಡುಗಾರರು ಎಳ್ಳಷ್ಟೂ ಮರೆಮಾಚದೆ ವರ್ಣಿಸುತ್ತಾರೆ. ಬಸವಣ್ಣ ಹೇಸದೆ ಹೊತ್ತು ತರುತ್ತಾನೆ. ಬಂದ ಅತಿಥಿಯನ್ನು ಕಂಡು ಶರಣಸಮೂಹ ಚದುರುತ್ತದೆ.

ಪಾಠದಿಂದ ಪಾಠಕ್ಕೆ, ಹಾಡುಗಾರನಿಂದ ಹಾಡುಗಾರನಿಗೆ ವಿವರಗಳು ಬದಲಾಗುತ್ತವೆ. ಹಿ.ಚಿ. ಬೋರಲಿಂಗಯ್ಯ ಅವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿದ ಪಾಠ ಮೊದಲ್ಗೊಂಡು ಹಲವು ಪಾಠಗಳು ಈಗ ನಮ್ಮ ಮುಂದಿವೆ. ಬದಲಾಗದೆ ಉಳಿಯುವುದು ಎರಡು: ವಾಸನೆ ಮತ್ತು ಸ್ಪರ್ಶ. ಗೊಮ್ಮಟನನ್ನು ನೋಡಬೇಕು. ಗೋರಕ್ಷನ ಮೈಯಿಂದ ಬರುವ ಸದ್ದನ್ನು ಕೇಳಬೇಕು. ಮಂಟೇಸ್ವಾಮಿಯನ್ನು ಮಾತ್ರ ಮೂಸಬೇಕು, ಮುಟ್ಟಬೇಕು. ನಮ್ಮ ಕಾವ್ಯಮೀಮಾಂಸೆ ಬೀಭತ್ಸಕ್ಕೆ ಜುಗುಪ್ಸೆಯೇ ಸ್ಥಾಯಿ ಎಂದು ನಿಯಮಿಸಿದೆ. ಇಲ್ಲಿ ಜುಗುಪ್ಸೆ ಕೇಳುಗನಲ್ಲಿ ಹುಟ್ಟುತ್ತದೆ, ಆದರೆ ನೆಲೆಸುವುದಿಲ್ಲ. ತನ್ನಲ್ಲಿ ಹುಟ್ಟಿದ ಜುಗುಪ್ಸೆಯೇ ಬಾಗಿಲಲ್ಲಿ ಅಟ್ಟಿದವರದ್ದೂ ಆಗಿದೆ ಎಂದು ಅವನಿಗೆ ತಿಳಿಯುವಂತೆ ಹಾಡು ನಡೆಯುತ್ತದೆ. ಈ ಕಥನಕ್ರಮವನ್ನು ವಿವರಿಸಲು ಮಾರ್ಗದ ರಸಸೂತ್ರ ಸಾಲದು.

ರೋಗಿಷ್ಠ ದೇಹಕ್ಕೆ ಮಾರ್ಗಕಾವ್ಯ ಕೊಟ್ಟ ಅರ್ಥವನ್ನು ಇದರ ಪಕ್ಕದಲ್ಲಿ ಇರಿಸಿದರೆ ಅಂತರ ಸ್ಪಷ್ಟವಾಗುತ್ತದೆ. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಣಿ ಅಮೃತಮತಿ ವಿಕಾರ ರೂಪದ ಮಾವುತ ಅಷ್ಟಾವಂಕನ ಹಾಡಿಗೆ ಮನಸೋಲುತ್ತಾಳೆ. ಅವನ ಅಂಗವಿಕಾರವನ್ನು ಕವಿ ಬಹಳ ಆಸಕ್ತಿಯಿಂದಲೇ ಪಟ್ಟಿಮಾಡುತ್ತಾನೆ. ಅವನ ಕೊರಳು ಮಾತ್ರ ಪರಿಪೂರ್ಣ ಎಂಬ ಸಂಗತಿಯನ್ನು ಆ ಕಾವ್ಯ ತಡೆದುಕೊಳ್ಳಲಾರದು. ಯಶೋಧರ ಕಥಾಪರಂಪರೆಯಲ್ಲಿ ಅಮೃತಮತಿಗೆ ಕೊನೆಗೆ ಒದಗುವುದು ಕುಷ್ಠ ಮತ್ತು ನರಕ. ವಿಕಾರವಾದ ದೇಹವನ್ನು ಬಯಸಿದವಳ ದೇಹವೂ ವಿಕಾರವಾಗಬೇಕು ಎಂಬ ಕರ್ಮಗಣಿತವಿದು. ರೋಗವೆಂದರೆ ಹಿಂದಿನ ಪಾಪದ ಬರಹ ಎಂದು ನಂಬಿದ ಸಮಾಜದಲ್ಲಿ ಗುರುವೇ ಆ ರೋಗವನ್ನು ಹೊತ್ತು ಬರುವ ಕಥೆ ಕಟ್ಟುವುದು ಸಣ್ಣ ಕೆಲಸವಲ್ಲ.

ಕಲ್ಯಾಣವೇ ಈ ಕಥೆಯ ನೆಲೆಯಾಗಿರುವುದಕ್ಕೆ ಇನ್ನೊಂದು ಅರ್ಥವೂ ಇದೆ. ನಮ್ಮ ಜಾನಪದ ಅಧ್ಯಯನಗಳು ಇದನ್ನು ಗಮನಿಸಿದಂತಿಲ್ಲ. ಶರಣರಿಗಿಂತ ಕೆಲವು ದಶಕಗಳ ಹಿಂದೆ ಇದೇ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಕಲ್ಯಾಣಕ್ಕೆ ಸಮನಾದ ನಗರವಿಲ್ಲ ಎಂಬ ಹೊಗಳಿಕೆಯೂ ಗ್ರಂಥಾಂತ್ಯದಲ್ಲಿದೆ. ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ದಾಯವಿಭಾಗದ ಆಧಾರವಾದ ಈ ಗ್ರಂಥವು ಯಾರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಎಂಬುದನ್ನೂ ನಿರೂಪಿಸುತ್ತದೆ: ನಪುಂಸಕ, ಪತಿತ, ಕುಂಟ, ಹುಚ್ಚ, ಜಡ, ಕುರುಡ, ವಾಸಿಯಾಗದ ರೋಗವುಳ್ಳವನು. ಇವರಿಗೆ ಅನ್ನ ಹಾಕಬೇಕು, ಪಾಲು ಕೊಡಬೇಕಾಗಿಲ್ಲ. ಇಲ್ಲಿ ದಾಸೋಹದ ಕಥೆ ತಾನಾಗಿ ನೆನಪಿಗೆ ಬರುತ್ತದೆ. ಅನ್ನವುಂಟು, ಹಕ್ಕಿಲ್ಲ ಎಂಬ ಈ ನಿಲುವನ್ನು ಶಾಸ್ತ್ರವಾಗಿ ಬರೆದ ಊರಿನ ಬಾಗಿಲಿಗೇ ವಾಸಿಯಾಗದ ರೋಗಿಯಾಗಿ ಮಂಟೇಸ್ವಾಮಿ ಬರುತ್ತಾನೆ. ಅನ್ನ ಕೇಳಲು ಅಲ್ಲ, ಗುರುವಿನ ಸ್ಥಾನಕ್ಕೆ. ನೀಲಗಾರರು ಮಿತಾಕ್ಷರವನ್ನು ಬಲ್ಲರೆಂದು ವಾದಿಸುವುದು ನನ್ನ ಉದ್ದೇಶವಲ್ಲ, ಅಗತ್ಯವೂ ಅಲ್ಲ. ಶಾಸ್ತ್ರವು ಮೇಲಿನಿಂದ ಬರೆದ ನಿಯಮವನ್ನು ಕೆಳಗಿನವರು ಓದಿ ತಿಳಿಯಬೇಕಾಗಿಲ್ಲ. ಮನೆಬಾಗಿಲಲ್ಲಿಯೇ ಅದು ತಿಳಿಯುತ್ತದೆ.

ಇನ್ನು ವೇಷದ ಪ್ರಶ್ನೆ. ದೇವರು ವೇಷಮರೆಸಿ ಮನುಷ್ಯರ ಮನೆಗೆ ಬರುವುದು ಸ್ಟಿತ್ ಥಾಂಪ್ಸನ್ನನ ಆಶಯಸೂಚಿಯಲ್ಲಿ ಕೆ1811 ಎಂಬ ಸಂಖ್ಯೆಯ ಆಶಯ, ಲೋಕದಾದ್ಯಂತ ಕಾಣುವಂಥದು. ಈ ಆಶಯದ ಒಳಗೊಂದು ಅಪಾಯವಿದೆ. ಭಿಕ್ಷುಕನೂ ರೋಗಿಯೂ ದೇವರಿರಬಹುದು ಎಂಬ ಕಾರಣಕ್ಕೆ ಅವರನ್ನು ಆದರಿಸಿದರೆ, ಅವರು ದೇವರಲ್ಲ ಎಂದು ಖಚಿತವಾದ ದಿನ ಆದರಿಸಲು ಕಾರಣವೇ ಇರುವುದಿಲ್ಲ. ಮಂಟೇಸ್ವಾಮಿಯ ಪ್ರಸಂಗವನ್ನು ಭಕ್ತಿಪಂಥದ ವ್ಯಾಖ್ಯಾನಕಾರರು ಲೀಲೆಯೆಂದು ಕರೆದು ಮುಗಿಸುತ್ತಾರೆ. ದಲಿತ-ಬಂಡಾಯದ ಹಿನ್ನೆಲೆಯಿಂದ ಬಂದ ವಿಮರ್ಶಕರು ಪ್ರತಿರೋಧವೆಂದು ಓದುತ್ತಾರೆ. ಶರಣ ಚಳವಳಿಯ ಒಳಗೇ ಉಳಿದ ಜಾತಿಶ್ರೇಣಿಯನ್ನು ಕಾವ್ಯ ಬಯಲಿಗೆಳೆಯಿತು ಎಂಬುದು ಅವರ ನಿಲುವು. ಎರಡನೆಯ ಓದು ನಿಸ್ಸಂದೇಹವಾಗಿ ಹೆಚ್ಚು ಫಲದಾಯಕ. ಆದರೆ ಅದರಲ್ಲೂ ಕೊಳೆತ ದೇಹವು ಜಾತಿಯ ಸಂಕೇತವಾಗಿ ಮಾತ್ರ ಉಳಿದು, ರೋಗ ರೋಗವಾಗಿ ಕಾಣದೆ ಹೋಗಿದೆ. ಅಸ್ಪೃಶ್ಯತೆಗೆ ರೋಗವು ರೂಪಕವಾದರೆ, ರೋಗದಿಂದಲೇ ಅಸ್ಪೃಶ್ಯನಾದವನು ಯಾವ ರೂಪಕದ ಮೊರೆಹೋಗಬೇಕು?

ಕಾವ್ಯವನ್ನೇ ಕೇಳಿದರೆ ಒಂದು ಉತ್ತರ ದೊರೆಯುತ್ತದೆ. ಮಂಟೇಸ್ವಾಮಿಯ ನಿಜರೂಪದ ದರ್ಶನಕ್ಕಿಂತ ಅವನನ್ನು ಹುಡುಕುವ, ಎತ್ತುವ, ಹೊರುವ ಭಾಗವೇ ಕಲ್ಯಾಣದ ಸಾಲಿನ ಜೀವಾಳ. ಗುಳ್ಳಕಾಯಜ್ಜಿಯ ಐತಿಹ್ಯದಲ್ಲಿ ವೇಷ ಕಳಚುವುದೇ ಮುಕ್ತಾಯ. ಇಲ್ಲಿ ವೇಷವು ಕಥೆಯ ಕೆಲಸವನ್ನೆಲ್ಲ ಮಾಡಿಬಿಟ್ಟಿರುತ್ತದೆ. ಬಸವಣ್ಣನ ಹಿರಿಮೆಯನ್ನು ಕಾವ್ಯ ಅಳೆಯುವುದು ಅವನ ಜ್ಞಾನದಿಂದಲ್ಲ, ದಾಸೋಹದ ಸಂಖ್ಯೆಯಿಂದಲ್ಲ. ಕೈಗೆ ಬಂದ ಅವಯವವನ್ನು ಅವನು ಬಿಸುಡದಿರುವುದರಿಂದ. ಪರಿಪೂರ್ಣತೆ ಎಂಬುದು ಒಬ್ಬನ ದೇಹದ ಗುಣವಾಗಿರದೆ ಎರಡು ದೇಹಗಳ ನಡುವೆ ನಡೆಯುವ ಕ್ರಿಯೆಯಾಗುವುದು ಇಲ್ಲಿ. ಸಂಹನನದ ಶಾಸ್ತ್ರದಲ್ಲಿಯೂ ಕಾಯಸಿದ್ಧಿಯ ಯೋಗದಲ್ಲಿಯೂ ಬಯಲಿನ ಅನುಭಾವದಲ್ಲಿಯೂ ಸಾಧಕ ಒಬ್ಬನೇ. ತಿಪ್ಪೆಯ ಬಳಿ ಮಾತ್ರ ಇಬ್ಬರು ಬೇಕು. ನೀಲಮ್ಮನನ್ನೂ ಸೇರಿಸಿದರೆ ಮೂವರು.

ಇಷ್ಟು ಹೇಳಿ ನಿಲ್ಲಿಸಿದರೆ ಕಾವ್ಯವನ್ನು ನಮಗೆ ಅನುಕೂಲವಾಗುವಷ್ಟೇ ಓದಿದಂತಾಗುತ್ತದೆ. ಮುಂದಿನ ಸಾಲುಗಳಲ್ಲಿ ಇದೇ ಗುರು ದಕ್ಷಿಣಕ್ಕೆ ಬಂದು ನಿಡುಘಟ್ಟದ ಪಾಂಚಾಳರ ಮನೆಯ ಹುಡುಗ ಕೆಂಪಾಚಾರಿಯನ್ನು ಶಿಶುಮಗನನ್ನಾಗಿ ಬೇಡುತ್ತಾನೆ. ಹೆತ್ತವರು ಒಪ್ಪದಿದ್ದಾಗ ಆ ಮನೆಗೆ ಒದಗುವ ಕಷ್ಟಗಳು, ಹುಡುಗ ಸಿದ್ಧಪ್ಪಾಜಿಯಾಗುವವರೆಗೆ ಪಡುವ ಬವಣೆಗಳು ಕಲ್ಯಾಣದ ಕರುಣೆಯನ್ನು ಕೇಳಿದ ಕಿವಿಗೆ ಕಠೋರವಾಗಿಯೇ ಕೇಳಿಸುತ್ತವೆ. ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋದ ಸಿದ್ಧಪ್ಪಾಜಿಯನ್ನು ಅವರು ಪವಾಡಗಳಿಗೆ ಒಡ್ಡುತ್ತಾರೆ. ವಿಷವೂ ಕಾದ ಕಬ್ಬಿಣವೂ ಅವನನ್ನು ಏನೂ ಮಾಡುವುದಿಲ್ಲ. ಎಂದರೆ, ಕಲ್ಯಾಣದಲ್ಲಿ ಹೊರಗೆ ಹೋದ ವಜ್ರಕಾಯ ಹಲಗೂರಿನಲ್ಲಿ ಹಿಂದಿನ ಬಾಗಿಲಿಂದ ಒಳಗೆ ಬಂದಿದೆ. ಈ ವೈರುಧ್ಯವನ್ನು ಹಲವು ಕಾಲದ, ಹಲವು ಕೈಗಳ ಸೇರ್ಪಡೆಯೆಂದು ವಿವರಿಸಿ ಸುಮ್ಮನಾಗಬಹುದು. ಆದರೆ ಮೌಖಿಕ ಕಾವ್ಯದಲ್ಲಿ ಸೇರ್ಪಡೆಯೂ ಅರ್ಥವೇ. ಕುಲುಮೆಯ ಮುಂದೆ ದಿನವೂ ಕೈ ಸುಟ್ಟುಕೊಳ್ಳುವವರ ಕುಲದಲ್ಲಿ ಹುಟ್ಟಿದ ನಾಯಕನಿಗೆ ಸುಡದ ಮೈಯನ್ನು ಕೊಡದಿರಲು ಆ ಹಾಡುಗಾರರಿಗೆ ಮನಸ್ಸಾಗಲಿಲ್ಲ ಎಂದೇ ನಾನು ಓದುತ್ತೇನೆ. ಗುರುವಿನ ಮೈ ಕೊಳೆಯಬಹುದು, ಏಕೆಂದರೆ ಅವನು ಹೇಗೂ ಧರೆಗೆ ದೊಡ್ಡವನು. ಶಿಶುಮಗನ ಮೈ ಮಾತ್ರ ಉಳಿಯಬೇಕು. ಗೋರಕ್ಷನ ಕನಸನ್ನು ಕುರಿತು ಹಿಂದೆ ಆಡಿದ ಮಾತನ್ನು ಇಲ್ಲಿ ನೆನೆಯಬಹುದು.

ಸಿದ್ಧಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಗೆ ನಡೆಯುವ ಐದು ದಿನಗಳ ಜಾತ್ರೆ ಚಂದ್ರಮಂಡಲದಿಂದ ಆರಂಭವಾಗುತ್ತದೆ. ಅದರ ಪಂಕ್ತಿಸೇವೆಯಲ್ಲಿ ಭಕ್ತರು ತಾವೇ ಬೇಯಿಸಿದ ಮಾಂಸದಡುಗೆಯನ್ನು ಒಟ್ಟಿಗೆ ಕೂತು ಉಣ್ಣುತ್ತಾರೆ. ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಈಚಿನ ವರ್ಷಗಳಲ್ಲಿ ಈ ಸೇವೆ ವಿವಾದಕ್ಕೆ ಒಳಗಾಗಿದೆ. ಹೆಂಡ ಮಾಂಸಗಳೊಡನೆ ಕಲ್ಯಾಣಕ್ಕೆ ಬಂದ ಗುರುವಿನ ಪಂಥದಲ್ಲಿ ಉಣ್ಣುವ ದೇಹವನ್ನು ಶುದ್ಧಗೊಳಿಸುವ ಪ್ರಯತ್ನ ಯಾವ ಅರ್ಥ ಪಡೆಯುತ್ತದೆ ಎಂಬುದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಇನ್ನೊಂದು. ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಭಾರತವು ಕುಷ್ಠರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಇಳಿಸಿದ್ದು 2005ರ ಕೊನೆಗೆ. ರೋಗಿಗಳನ್ನು ಪ್ರತ್ಯೇಕವಾಗಿಡಲು ಅಧಿಕಾರ ಕೊಟ್ಟಿದ್ದ 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ. ವಿಚ್ಛೇದನಕ್ಕೆ ಕುಷ್ಠವನ್ನು ಕಾರಣವಾಗಿ ಒಪ್ಪಿದ್ದ ವೈಯಕ್ತಿಕ ಕಾನೂನುಗಳ ತಿದ್ದುಪಡಿಯಾದದ್ದು 2019ರಲ್ಲಿ. ದಾಯಹಕ್ಕಿಗೆ ಸಂಬಂಧಿಸಿದಂತೆ ಮಿತಾಕ್ಷರದ ಪಟ್ಟಿಯನ್ನು 1928ರ ಕಾಯಿದೆಯೊಂದು ಬಹುಮಟ್ಟಿಗೆ ಮೊಟಕುಗೊಳಿಸಿತ್ತು. ರೋಗವಾಗಲಿ ಅಂಗವೈಕಲ್ಯವಾಗಲಿ ಅನರ್ಹತೆಯಲ್ಲ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ಸ್ಪಷ್ಟಪಡಿಸಿತು. ರೋಗಕ್ಕೆ ಮದ್ದು ಬಂದ ಮೂರೂವರೆ ದಶಕಗಳ ಮೇಲೂ ರೋಗಿಯನ್ನು ಹೊರಗಿಡುವ ಕಾಯಿದೆ ಉಳಿದಿತ್ತು ಎಂಬುದನ್ನು ಈ ವರ್ಷಗಳೇ ಹೇಳುತ್ತವೆ. ಅಷ್ಟೂ ಕಾಲ ನೀಲಗಾರರು ಕಲ್ಯಾಣದ ಸಾಲನ್ನು ಹಾಡುತ್ತಲೇ ಇದ್ದರು, ವಿದ್ವಾಂಸರು ಅದನ್ನು ಸಂಪಾದಿಸುತ್ತಲೇ ಇದ್ದರು.

ಸಂಪಾದನೆಯ ಬಗೆಗೆ ಒಂದು ಮಾತು ಉಳಿದಿದೆ. ಕೊಳೆತ ದೇಹದ ವರ್ಣನೆ ಪುನರಾವರ್ತನೆಯಿಂದ ಕೂಡಿರುತ್ತದೆ; ಕೈಯಾದ ಮೇಲೆ ಕಾಲು, ಕಾಲಾದ ಮೇಲೆ ಬೆರಳು ಎಂದು ಹಾಡು ನಿಧಾನವಾಗಿ ಸಾಗುತ್ತದೆ, ಹಿಮ್ಮೇಳವು ಸೊಲ್ಲು ಹಿಡಿಯುತ್ತದೆ. ಅಚ್ಚಿನ ಪುಟದಲ್ಲಿ ಇಂಥ ಭಾಗಗಳನ್ನು ಸಂಕ್ಷೇಪಿಸುವ ಆಸೆ ಯಾವ ಸಂಪಾದಕನಿಗಾದರೂ ಬರುವಂಥದೇ. ಸಂಕ್ಷಿಪ್ತ ಪಾಠವನ್ನು ಓದುವವನಿಗೆ ಬಸವಣ್ಣ ಒಮ್ಮೆಗೇ ಗುರುವನ್ನು ಎತ್ತಿಕೊಂಡಂತೆ ಕಾಣುತ್ತದೆ. ಹಾಡನ್ನು ಕೇಳುವವನ ಮುಂದೆ ಅವನು ಒಂದೊಂದು ಅವಯವಕ್ಕೂ ಬಗ್ಗಿ ಏಳುತ್ತಾನೆ.